ಅಕ್ಕಿ ಮುಡಿ ಹೊತ್ತವರ ವೋಟು

ಕಾರ್ಕಳದ ಓದುಗರೊಬ್ಬರು ಬರೆದಿದ್ದಾರೆ: "ದುಡ್ಡಿದ್ದವನದ್ದೇ ಅಧಿಕಾರ. ನಾವು ವೋಟು ಹಾಕಿ ಏನು ಪ್ರಯೋಜನ? ಇನ್ನು ನಾನು ಬೂತಿಗೆ ಹೋಗುವುದಿಲ್ಲ."

ನಿಮ್ಮ ಸಿಟ್ಟು ಸುಮ್ನೆ ಬಂದದ್ದಲ್ಲ, ಒಪ್ಪುತ್ತೇನೆ. ಆದರೆ ಈ ಮಾತನ್ನು ನಮ್ಮ ಊರಿನ ಕಡೆಯಿಂದಲೇ ಬರೆದಿರಲ್ಲ, ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತಿದೆ.

ನನ್ನ ಅಜ್ಜ ಗೇಣಿ ಒಕ್ಕಲು, ಅಂದರೆ ಧಣಿಗಳ ಗದ್ದೆ ಉತ್ತು ಅದರ ಬಾಬ್ತು ಅಕ್ಕಿ ಕೊಡುವವರು. ಕೊಯ್ಲು ಮುಗಿದ ಮೇಲೆ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿ ಮುಡಿಗಳನ್ನು ತಲೆ ಮೇಲೆ ಹೊತ್ತು, ಗದ್ದೆ ಹುಣಿಯಲ್ಲೇ ನಡೆದು, ಧಣಿಗಳ ಅಂಗಳದಲ್ಲಿ ಇಳಿಸಿ ಬರಬೇಕಿತ್ತು. ಮಳೆ ಕೈಕೊಟ್ಟ ವರ್ಷವೂ ಮುಡಿ ಕಡಿಮೆಯಾಗುವಂತಿರಲಿಲ್ಲ. ಚಾಲಗೇಣಿ ಅಂದರೆ ಧಣಿ ಬೇಡ ಅಂದಾಗ ಗದ್ದೆ ಬಿಡಬೇಕು. ವೋಟು ಅಜ್ಜನಿಗೂ ಇತ್ತು. ಧಣಿ ಹೇಳಿದ ಗುರುತಿಗೇ ಹಾಕುತ್ತಿದ್ದರು. ಬೇರೇನು ಮಾಡಬಹುದಿತ್ತು, ಹೇಳಿ?

ಅದನ್ನು ಮುರಿದದ್ದು ಒಂದು ಕಾನೂನು. ದೇವರಾಜ ಅರಸರ ಸರಕಾರ ಭೂಸುಧಾರಣೆ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವರು ನಮೂನೆ 7 ತುಂಬಿ ಭೂನ್ಯಾಯಮಂಡಳಿಯಲ್ಲಿ ಹಕ್ಕು ಕೇಳಬಹುದಿತ್ತು. ನಮ್ಮ ಕಡೆ ಇವತ್ತಿಗೂ "ಡಿಕ್ಲರೇಶನ್ ಕೊಟ್ಟದ್ದು" ಅನ್ನುತ್ತಾರಲ್ಲ, ಅದೇ. ಹೆಬ್ಬೆಟ್ಟು ಒತ್ತುವ ಮೊದಲು ಅಜ್ಜನಿಗೆ ಮೂರು ರಾತ್ರಿ ನಿದ್ದೆ ಬರಲಿಲ್ಲವಂತೆ, ನಾಳೆ ಧಣಿಗಳ ಮುಖ ನೋಡುವುದು ಹೇಗೆ ಅಂತ. ಒತ್ತಿದರು. ಗದ್ದೆ ಸಿಕ್ಕಿತು. ಆಮೇಲಿನ ಚುನಾವಣೆಯಲ್ಲಿ ಯಾರಿಗೆ ಹಾಕಿದಿರಿ ಅಂತ ಅಜ್ಜಿ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲವಂತೆ.

ಎಲ್ಲರಿಗೂ ಹೀಗಾಯಿತು ಅನ್ನುವುದಿಲ್ಲ. ದಾಕ್ಷಿಣ್ಯಕ್ಕೆ ಬಿದ್ದು ಅರ್ಜಿ ಹಾಕದವರಿದ್ದಾರೆ. ಇದ್ದ ಒಂದು ತುಂಡು ಗದ್ದೆಯನ್ನೂ ಕಳಕೊಂಡ ಚಿಕ್ಕ ಒಡೆಯರಿದ್ದಾರೆ, ಅವರ ನೋವೂ ನೋವೇ.

ಈಗ ದುಡ್ಡು ಬೇರೆ ಬಾಗಿಲಿನಿಂದ ಬರುತ್ತಿದೆ. ವಿಧಾನಸಭೆಗೆ ನಿಂತವರು 40 ಲಕ್ಷ ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ. ಆದರೆ ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಪಕ್ಷಗಳಿಗೆ ಬ್ಯಾಂಕಿನ ಮೂಲಕ ದೇಣಿಗೆ ಕೊಡಲು 2018ರಲ್ಲಿ ಬಂದ ಚುನಾವಣಾ ಬಾಂಡಿನಲ್ಲಿ ಯಾರು ಯಾವ ಪಕ್ಷಕ್ಕೆ ಎಷ್ಟು ಕೊಟ್ಟರು ಅಂತ ಜನರಿಗೆ ತಿಳಿಯುತ್ತಿರಲಿಲ್ಲ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿದ ಮೇಲೆಯೇ ಹೆಸರುಗಳು ಹೊರಗೆ ಬಂದವು. ಧಣಿ ಯಾರು ಅಂತ ಅಜ್ಜನಿಗಾದರೂ ಗೊತ್ತಿತ್ತು. ನಮಗೆ ಅದೂ ಗೊತ್ತಿರಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ಹಾಗಾಗಿ ಬೂತು ಬಿಡಬೇಡಿ. ಇನ್ನೊಂದು ಕೆಲಸವನ್ನೂ ಮಾಡಿ. ಫಲಿತಾಂಶ ಬಂದ 30 ದಿನದೊಳಗೆ ಅಭ್ಯರ್ಥಿಗಳು ಖರ್ಚಿನ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ನಮ್ಮ ಉಡುಪಿ ಜಿಲ್ಲಾಧಿಕಾರಿ ಕಚೇರಿ ಇರುವ ಮಣಿಪಾಲದ ರಜತಾದ್ರಿಗೆ ಹೋಗಿ ಕೇಳಿ. ನಿಮ್ಮ ಊರಲ್ಲಿ ಕಣ್ಣಾರೆ ಕಂಡ ಪೆಂಡಾಲು, ಬಸ್ಸು, ಊಟ ಆ ಲೆಕ್ಕದಲ್ಲಿ ಇದೆಯಾ ನೋಡಿ ಬರೆಯಿರಿ. ನಾವು ಅಚ್ಚು ಹಾಕುತ್ತೇವೆ.

– ಸಂಪಾದಕ