ಪಿಯುಸಿಗೆ ಆರು ವಿಷಯ ಸರಿ, ಆ ನಾಲ್ಕನೇ ಐಚ್ಛಿಕ ಯಾವುದು? ಕೊಡಗಿನಿಂದ ಒಂದು ಉತ್ತರ

ಕೊಡಗಿಗೆ ವರ್ಗವಾಗಿ ಬರುವವರು, ಇಲ್ಲಿ ತೋಟ ಕೊಂಡು ನೆಲೆಸುವವರು, ಗಡಿಯಾಚೆಯ ಕಣ್ಣೂರು–ವಯನಾಡು ಕಡೆಯಿಂದ ಮಕ್ಕಳನ್ನು ಇಲ್ಲಿಗೆ ಸೇರಿಸಲು ಹೊರಟವರು ಮೊದಲು ಕೇಳುವುದು ಇದನ್ನೇ: ಹನ್ನೊಂದನೇ ಕ್ಲಾಸಿಗೆ ಎಷ್ಟು ವಿಷಯ ತೆಗೆದುಕೊಳ್ಳಬೇಕು, ಐದೋ ಆರೋ? ರಾಜ್ಯದ ಪಿಯುಸಿಗೆ ಸೇರಿಸುವುದಾದರೆ ಈ ಪ್ರಶ್ನೆಯೇ ಏಳುವುದಿಲ್ಲ. ಎರಡು ಭಾಷೆ, ನಾಲ್ಕು ಐಚ್ಛಿಕ, ಒಟ್ಟು ಆರು. ತಲಾ 100ರಂತೆ 600 ಅಂಕ. ಐಚ್ಛಿಕಗಳನ್ನೂ ಬಿಡಿಬಿಡಿಯಾಗಿ ಆರಿಸಿಕೊಳ್ಳುವಂತಿಲ್ಲ. ಕಾಲೇಜಿನವರು ಮೊದಲೇ ಮಾಡಿಟ್ಟ ಕಾಂಬಿನೇಶನ್‌ಗಳಲ್ಲಿ ಒಂದನ್ನು ಹಿಡಿಯಬೇಕು. ದೊಡ್ಡ ಊರಿನ ಕಾಲೇಜಿನಲ್ಲಿ ಎಂಟು–ಹತ್ತು ಬಗೆ ಇರಬಹುದು. ಇಲ್ಲಿ ಹೋಬಳಿ ಮಟ್ಟದ ಸರ್ಕಾರಿ ಕಾಲೇಜಿನಲ್ಲಿ ವಿಜ್ಞಾನ ಇದ್ದರೆ ಒಂದೇ ಕಾಂಬಿನೇಶನ್, ಕೆಲವು ಕಡೆ ವಿಜ್ಞಾನವೇ ಇಲ್ಲ.

ಹಾಗಾಗಿ ತಲೆ ಕೆಡಿಸಿಕೊಳ್ಳಬೇಕಾದ್ದು ನಾಲ್ಕನೇ ಐಚ್ಛಿಕದ ಬಗ್ಗೆ. ವಿಜ್ಞಾನದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬಹುತೇಕ ಎಲ್ಲ ಕಡೆ ಖಾಯಂ. ನಾಲ್ಕನೆಯದು ಜೀವಶಾಸ್ತ್ರವಾದರೆ ಪಿಸಿಎಂಬಿ, ಕಂಪ್ಯೂಟರ್ ಸೈನ್ಸ್ ಆದರೆ ಪಿಸಿಎಂಸಿ, ಎಲೆಕ್ಟ್ರಾನಿಕ್ಸ್ ಆದರೆ ಪಿಸಿಎಂಇ. 'ಕಂಪ್ಯೂಟರ್ ಇಂಜಿನಿಯರಿಂಗ್ ಮಾಡಿಸಬೇಕು, ಅದಕ್ಕೇ ಪಿಸಿಎಂಸಿ' ಎನ್ನುವ ಪೋಷಕರು ಪ್ರತಿ ವರ್ಷ ಸಿಗುತ್ತಾರೆ. ರಾಜ್ಯದ ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯ ಇಂಜಿನಿಯರಿಂಗ್ ರ್‍ಯಾಂಕಿಗೆ ಭೌತ, ರಸಾಯನ, ಗಣಿತದ ಪಿಯು ಅಂಕ ಅರ್ಧ, ಅದೇ ಮೂರರ ಸಿಇಟಿ ಅಂಕ ಅರ್ಧ. ಕಂಪ್ಯೂಟರ್ ಸೈನ್ಸ್‌ನಲ್ಲಿ ನೂರಕ್ಕೆ ನೂರು ಬಂದರೂ ಆ ರ್‍ಯಾಂಕಿಗೆ ಒಂದು ಅಂಕವೂ ಸೇರುವುದಿಲ್ಲ. ಪ್ರೋಗ್ರಾಮಿಂಗ್ ಮೊದಲೇ ಅಭ್ಯಾಸವಾಗುತ್ತದೆ, ಓದಿನ ಹೊರೆ ಜೀವಶಾಸ್ತ್ರಕ್ಕಿಂತ ಹಗುರ. ಲಾಭ ಇಷ್ಟೇ, ಇದೂ ಸಣ್ಣದೇನಲ್ಲ.

ಪಿಸಿಎಂಬಿ ತೆಗೆದುಕೊಂಡರೆ ಎರಡೂ ಬಾಗಿಲು ತೆರೆದಿರುತ್ತವೆ. ಮಡಿಕೇರಿಯ ವೈದ್ಯಕೀಯ ಕಾಲೇಜು, ವಿರಾಜಪೇಟೆಯ ದಂತ ಕಾಲೇಜು, ಪೊನ್ನಂಪೇಟೆಯ ಅರಣ್ಯ ಕಾಲೇಜು, ಇವುಗಳಲ್ಲಿ ಯಾವುದರ ಮೇಲೆ ಕಣ್ಣಿದ್ದರೂ ಜೀವಶಾಸ್ತ್ರ ಬೇಕು. ಕುಶಾಲನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿಗೂ ಪಿಸಿಎಂಬಿ ಮಕ್ಕಳು ಹೋಗಬಹುದು. ಆದರೆ ನೀಟ್ (ವೈದ್ಯಕೀಯ ಪ್ರವೇಶ ಪರೀಕ್ಷೆ) ಮತ್ತು ಸಿಇಟಿ ಎರಡಕ್ಕೂ ಒಟ್ಟಿಗೆ ತಯಾರಿ ಮಾಡಿಸುವುದು ಬಹಳ ಮಕ್ಕಳಿಗೆ ಎರಡೂ ಕೈಬಿಡುವ ದಾರಿ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ, ಅರ್ಧದಷ್ಟು ಜೀವಶಾಸ್ತ್ರವೇ, ತಪ್ಪು ಉತ್ತರಕ್ಕೆ ಅಂಕ ಕಡಿತ. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಕಡಿತ ಇಲ್ಲ. ಓದುವ ರೀತಿಯೇ ಬೇರೆ. ಪ್ರಥಮ ಪಿಯು ಮುಗಿಯುವ ಹೊತ್ತಿಗಾದರೂ ಒಂದನ್ನು ಮುಖ್ಯ ಮಾಡಿಕೊಳ್ಳಿ. ಜೀವಶಾಸ್ತ್ರ ಬಿಟ್ಟು ಆಮೇಲೆ ಪಶ್ಚಾತ್ತಾಪ ಪಡುವವರಿಗೆ 2023ರಿಂದ ಒಂದು ಕಿಂಡಿ ಉಂಟು: ಹನ್ನೆರಡನೆಯದು ಪಾಸಾದ ಮೇಲೆ ಮಾನ್ಯತೆ ಇರುವ ಮಂಡಳಿಯಲ್ಲಿ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಬರೆದು ಪಾಸಾದರೂ ನೀಟ್‌ಗೆ ಅರ್ಹರು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದೆ. ಅದನ್ನೇ ನಂಬಿ ಈಗ ಬಿಡುವುದು ಬೇಡ.

ಐದೋ ಆರೋ ಎಂಬ ಪ್ರಶ್ನೆಗೆ ನಿಜವಾಗಿ ಅರ್ಥ ಬರುವುದು ಸಿಬಿಎಸ್‌ಇಯಲ್ಲಿ. ಕೂಡಿಗೆಯ ಸೈನಿಕ ಶಾಲೆ, ಗಾಳಿಬೀಡಿನ ನವೋದಯ, ಮಡಿಕೇರಿಯ ಕೇಂದ್ರೀಯ ವಿದ್ಯಾಲಯ ಆ ಪಠ್ಯಕ್ರಮದವು. ಅಲ್ಲಿ ಐದು ವಿಷಯ ಕಡ್ಡಾಯ, ಆರನೆಯದು ಇಷ್ಟವಿದ್ದರೆ. ಇಂಗ್ಲಿಷ್ ಒಂದರ ಜೊತೆ ನಾಲ್ಕು ವಿಜ್ಞಾನ ವಿಷಯ ತೆಗೆದುಕೊಂಡರೆ ಅಲ್ಲಿಗೆ ಐದು. ಲೆಕ್ಕ ಹಾಕಿ ನೋಡಿದರೆ ನಮ್ಮ ಪಿಸಿಎಂಬಿಗಿಂತ ಒಂದು ಭಾಷೆ ಕಮ್ಮಿ, ಅಷ್ಟೇ. ಆರನೆಯದರಿಂದ ಒಂದು ಪ್ರಯೋಜನ ಖಚಿತ: ಮೊದಲ ಐದರಲ್ಲಿ ಒಂದು ವಿಷಯ ಹೋಗಿ ಆರನೆಯದು ಪಾಸಾಗಿದ್ದರೆ, ಭಾಷೆಯ ನಿಯಮ ಮುರಿಯದಿದ್ದಲ್ಲಿ, ಅದು ಆ ಜಾಗಕ್ಕೆ ಬಂದು ಕೂರುತ್ತದೆ. ಹಾಗೆಂದು ಗಣಿತ ಹೋದರೆ ದೈಹಿಕ ಶಿಕ್ಷಣ ಬಂದು ಇಂಜಿನಿಯರಿಂಗ್ ಸೀಟು ಉಳಿಸುವುದಿಲ್ಲ, ಸರ್ಟಿಫಿಕೇಟ್ ಮಾತ್ರ ಉಳಿಯುತ್ತದೆ.

ಆರನೆಯದನ್ನು ಒಪ್ಪುವ ಮೊದಲು ಶಾಲೆಯಲ್ಲಿ ಆ ವಿಷಯಕ್ಕೆ ಶಿಕ್ಷಕರಿದ್ದಾರೆಯೇ, ವೇಳಾಪಟ್ಟಿಯಲ್ಲಿ ಪೀರಿಯಡ್ ಇದೆಯೇ ಎಂದು ಬಾಯಿಬಿಟ್ಟು ಕೇಳಿ. 'ಮನೆಯಲ್ಲೇ ಓದಿಕೊಳ್ಳಲಿ' ಎಂಬ ಉತ್ತರ ಬಂದರೆ ಬೇಡ ಎನ್ನಿ. ಹನ್ನೊಂದನೇ ತರಗತಿಯ ನೋಂದಣಿ ಮಂಡಳಿಗೆ ಹೋದಮೇಲೆ ವಿಷಯ ಬದಲಿಸುವುದು ಕಷ್ಟದ ಕೆಲಸ. ಐಎಸ್‌ಸಿಯಲ್ಲಿ, ಅಂದರೆ ಐಸಿಎಸ್‌ಇ ಮಂಡಳಿಯ ಹನ್ನೊಂದು–ಹನ್ನೆರಡರಲ್ಲಿ, ಇನ್ನೂ ಸಡಿಲ: ಇಂಗ್ಲಿಷ್ ಕಡ್ಡಾಯ, ಜೊತೆಗೆ ಮೂರು, ನಾಲ್ಕು ಅಥವಾ ಐದು.

ಗಣಿತವೆಂದರೆ ನಡುಗುವ, ಆದರೆ ಡಾಕ್ಟರಾಗಲೇಬೇಕೆನ್ನುವ ಮಗುವಿಗೆ ಮಾತ್ರ ನನ್ನ ಸಲಹೆ ಬೇರೆ. ಪಿಯುಸಿಯಲ್ಲಿ ಗಣಿತವಿಲ್ಲದ ವಿಜ್ಞಾನ ಕಾಂಬಿನೇಶನ್ ಈ ಜಿಲ್ಲೆಯಲ್ಲಿ ಹುಡುಕುವುದೇ ಒಂದು ಸಾಹಸ. ಸಿಬಿಎಸ್‌ಇಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ, ಇಂಗ್ಲಿಷ್ ಜೊತೆ ಗಣಿತದ ಬದಲು ಬೇರೊಂದು ವಿಷಯ ಸಿಗುವ ಶಾಲೆ ಇದ್ದರೆ ಅಲ್ಲಿಗೇ ಸೇರಿಸಿ. ಪಿಯುಸಿಗೇ ಸೇರಿಸಿದರೆ ಗಣಿತದಲ್ಲಿ ಪಾಸಿನ ಅಂಕ ದಾಟಿದರೆ ಸಾಕು ಎಂದು ಮಗುವಿಗೂ ಮೇಷ್ಟ್ರಿಗೂ ಮೊದಲೇ ಹೇಳಿಬಿಡಿ. ಗಣಿತದ 100ರಲ್ಲಿ 20 ಆಂತರಿಕ ಮೌಲ್ಯಮಾಪನದ್ದು, 80 ಬರವಣಿಗೆಯದ್ದು. 2025–26ರಿಂದ ಪ್ರತಿ ವಿಷಯಕ್ಕೆ ಕನಿಷ್ಠ 30, ಒಟ್ಟು 600ಕ್ಕೆ 198 ಬಂದರೆ ಪಾಸು. ಒಂದು ವಿಷಯ ಹೋದರೆ ಅದೊಂದನ್ನೇ ಅದೇ ವರ್ಷದ ಎರಡನೇ ಪರೀಕ್ಷೆಯಲ್ಲಿ ಬರೆಯಬಹುದು, ವರ್ಷ ಹಾಳಾಗುವುದಿಲ್ಲ.

ಭಾಷೆಯಲ್ಲಿ ಮಕ್ಕಳ ಮನೆಮಾತು ಲೆಕ್ಕಕ್ಕೆ ಬರುವುದಿಲ್ಲ. ಕೊಡವ ತಕ್ಕ್, ಅರೆಭಾಷೆ ಆಡುವ ಮಕ್ಕಳೂ ಕನ್ನಡವನ್ನೋ ಹಿಂದಿಯನ್ನೋ ಬರೆಯುತ್ತಾರೆ. ಒಂದು ಇಂಗ್ಲಿಷ್ ಇಟ್ಟುಕೊಳ್ಳಿ, ವೃತ್ತಿಪರ ಕೋರ್ಸಿಗೆ ಅದು ಬೇಕು. ಇನ್ನೊಂದಕ್ಕೆ ಸಂಸ್ಕೃತ ಹಿಡಿಯುವವರು ಜಾಸ್ತಿ, ಭಕ್ತಿಯಿಂದಲ್ಲ, ಅಂಕಕ್ಕಾಗಿ. ಉತ್ತರವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಲು ಅವಕಾಶವಿದೆ. ಹತ್ತರವರೆಗೆ ಕನ್ನಡ ಚೆನ್ನಾಗಿ ಓದಿದ ಮಗು ಅದನ್ನು ಬಿಡಬೇಕಾದ ಕಾರಣ ನನಗಂತೂ ಕಾಣುವುದಿಲ್ಲ.

ಇನ್ನು ಹೊರಗಿನವರಿಗೆ ಮೊದಲ ವರ್ಷ ಹೊಳೆಯದೇ ಹೋಗುವ ಸಂಗತಿ: ಮಳೆ ಮತ್ತು ಬಸ್ಸು. ಪಿಸಿಎಂಬಿ, ಪಿಸಿಎಂಸಿ, ಎರಡರಲ್ಲೂ ಮೂರು ವಿಷಯಕ್ಕೆ ಲ್ಯಾಬ್ ಇದೆ, ತಲಾ 30 ಅಂಕ ಪ್ರಾಯೋಗಿಕಕ್ಕೆ. ಜೂನ್‌ನಿಂದ ಆಗಸ್ಟ್‌ವರೆಗೆ ಜಿಲ್ಲಾಧಿಕಾರಿ ಮಳೆ ರಜೆ ಘೋಷಿಸುತ್ತಲೇ ಇರುತ್ತಾರೆ. ತಪ್ಪಿದ ಪಾಠವನ್ನು ಶನಿವಾರ ಮಧ್ಯಾಹ್ನ ಮುಗಿಸಬಹುದು. ಲ್ಯಾಬ್ ಹಾಗಲ್ಲ, ಬ್ಯಾಚ್ ಸರದಿ ಬರಬೇಕು. ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್ ಲ್ಯಾಬಿಗೆ ಕರೆಂಟೂ ಇರಬೇಕು, ಮರ ಬಿದ್ದು ತಂತಿ ಹರಿದರೆ ಎರಡು–ಮೂರು ದಿನ ಕರೆಂಟ್ ಇಲ್ಲದಿರುವುದು ಇಲ್ಲಿ ಸುದ್ದಿಯೇ ಅಲ್ಲ. ಕಾಲೇಜಿನಲ್ಲಿ ಜನರೇಟರ್ ಉಂಟೋ ಎಂದು ಸೇರಿಸುವಾಗಲೇ ವಿಚಾರಿಸಿ.

ಲ್ಯಾಬ್ ರೆಕಾರ್ಡಿನ ವಿಷಯವನ್ನೂ ಹೇಳಬೇಕು. ಜುಲೈಯ ತೇವಕ್ಕೆ ಹಾಳೆ ಮೆತ್ತಗಾಗಿ ಇಂಕ್ ಪೆನ್ನಿನ ಬರಹ ಹಿಂಬದಿಗೆ ಇಳಿಯುತ್ತದೆ, ಜೀವಶಾಸ್ತ್ರದ ಪೆನ್ಸಿಲ್ ಚಿತ್ರ ರಬ್ಬರ್ ಹಾಕಿದಲ್ಲಿ ಕಿತ್ತುಬರುತ್ತದೆ, ರಟ್ಟಿನ ಮೇಲೆ ಬೂಷ್ಟು ಕೂರುತ್ತದೆ. ಬಾಲ್‌ಪೆನ್ನಿನಲ್ಲೇ ಬರೆಸಿ. ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಲಿ, ಮನೆಯಲ್ಲಿ ಒಲೆಯ ಬೆಚ್ಚಗಿನ ಕಡೆ ನಿಲ್ಲಿಸಲಿ. ಪ್ರಾಯೋಗಿಕ ಪರೀಕ್ಷೆ ಜನವರಿ–ಫೆಬ್ರವರಿಯಲ್ಲೇ ಬರುವುದರಿಂದ ರೆಕಾರ್ಡನ್ನು ಡಿಸೆಂಬರ್‌ನಲ್ಲಿ ಮತ್ತೆ ಬರೆಯಲು ಕೂತರೆ ಓದು ಅಲ್ಲಿಗೇ ನಿಂತಿತು.

ಬಸ್ಸಿನ ಲೆಕ್ಕ ಇನ್ನೂ ಬಿಗಿ. ಜಿಲ್ಲೆಯಲ್ಲಿ ರೈಲಿಲ್ಲ. ಲ್ಯಾಬ್ ಇರುವ ದಿನ ಸಂಜೆ ತಡವಾಗುತ್ತದೆ, ಒಳಗಿನ ಊರಿಗೆ ಕೊನೆಯ ಬಸ್ಸು ತಪ್ಪಿದರೆ ಜೀಪೋ ಆಟೋವೋ ಗತಿ. ಸಿದ್ದಾಪುರ, ಅಮ್ಮತ್ತಿ, ಮಾಲ್ದಾರೆ ಕಡೆ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಮಕ್ಕಳನ್ನು ಒಬ್ಬರೇ ಬಿಡುವಂತೆಯೇ ಇಲ್ಲ, ಆನೆ ಕಾಟ. ಆದ್ದರಿಂದ ದೂರದ ಪಟ್ಟಣದ ಪಿಸಿಎಂಬಿಗೂ ಹತ್ತಿರದ ಕಾಲೇಜಿನ ವಾಣಿಜ್ಯಕ್ಕೂ ನಡುವೆ ತೂಗುವಾಗ ದಿನಕ್ಕೆ ಬಸ್ಸಿನಲ್ಲಿ ಹೋಗುವ ಗಂಟೆಗಳನ್ನು ಆರು ವಿಷಯದ ಜೊತೆ ಏಳನೆಯದಾಗಿ ಸೇರಿಸಿಕೊಳ್ಳಿ. ಹಾಸ್ಟೆಲ್ ಹಾಕಿಸುವ ಶಕ್ತಿ ಇದ್ದವರು ಮೈಸೂರಿಗೋ ಮಂಗಳೂರಿಗೋ ಕಳಿಸುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ. ತೋಟದ ಮನೆಗಳಲ್ಲಿ ರೊಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಪರೀಕ್ಷೆಯೂ ಆಗಲೇ. ಕಾಫಿ ಒಣಗಿಸುವ ಕಣ ನೋಡಿಕೊಳ್ಳಲು ಆ ವರ್ಷ ಮಗುವನ್ನು ಕರೆಯಬೇಡಿ.

ವಾಣಿಜ್ಯವನ್ನು ಕೀಳಾಗಿ ನೋಡುವವರು ಇಲ್ಲಿಯೂ ಇದ್ದಾರೆ, ಸುಮ್ಮನೆ. ಲ್ಯಾಬಿನ ತಾಪತ್ರಯವಿಲ್ಲ, ಎಚ್‌ಇಬಿಎ (ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ) ಬಹುತೇಕ ಎಲ್ಲ ಕಡೆ ಸಿಗುತ್ತದೆ. ಸಿಎ ಮಾಡುವ ಮನಸ್ಸಿದ್ದರೆ ಇತಿಹಾಸದ ಬದಲು ಸಂಖ್ಯಾಶಾಸ್ತ್ರ ಇರುವ ಎಸ್‌ಇಬಿಎ ಒಳ್ಳೆಯದು. ವಾಣಿಜ್ಯದ ಬೇಸಿಕ್ ಮ್ಯಾಥ್ಸ್ ಓದಿ ಆಮೇಲೆ ಇಂಜಿನಿಯರಿಂಗ್ ಎಂದರೆ ನಡೆಯದು.

ಸೈನ್ಯಕ್ಕೆ ಸೇರುವ ಆಸೆ ಈ ಜಿಲ್ಲೆಯಲ್ಲಿ ಮನೆಮನೆಗೂ ಇದೆ. ಸೇನಾಧಿಕಾರಿಗಳ ತರಬೇತಿ ಅಕಾಡೆಮಿಯಾದ ಎನ್‌ಡಿಎಯ ಭೂಸೇನಾ ವಿಭಾಗಕ್ಕೆ ಯಾವ ಕಾಂಬಿನೇಶನ್ ಆದರೂ ಆಯಿತು. ನೌಕಾಪಡೆ, ವಾಯುಪಡೆಗೆ ಭೌತ, ರಸಾಯನ, ಗಣಿತ ಬೇಕೇ ಬೇಕು. ಆದರೆ ಲಿಖಿತ ಪರೀಕ್ಷೆಯ 900 ಅಂಕದಲ್ಲಿ 300 ಗಣಿತದ್ದು, ಅದೂ ಹನ್ನೊಂದು–ಹನ್ನೆರಡರ ಮಟ್ಟದ್ದು. ಕಲಾ ವಿಭಾಗದ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಓದಿ ಎನ್‌ಡಿಎ ಬರೆಯಲು ಹೊರಟ ಹುಡುಗ ಎಡವುವುದು ಅಲ್ಲೇ. ಹಾಕಿ ಆಡುವ ಮಕ್ಕಳ ತಂದೆತಾಯಿಗೆ ಒಂದು ಮಾತು: ಹಾಜರಾತಿ 75 ಶೇಕಡಾ ಬೇಕು, ಶಿಬಿರಕ್ಕೆ ಹೋಗುವ ಮೊದಲು ಪ್ರಾಂಶುಪಾಲರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ.

ಕುಟ್ಟ, ಕರಿಕೆ, ಮಾಕುಟ್ಟದ ಅಂಚಿನಲ್ಲಿರುವವರಿಗೆ ಕೇರಳದ ಪ್ಲಸ್ ಟೂ ಹತ್ತಿರವೇ. ಅಲ್ಲಿಯೂ ಎರಡು ಭಾಷೆ, ನಾಲ್ಕು ಐಚ್ಛಿಕ. ವ್ಯತ್ಯಾಸ ಏನೆಂದರೆ ಅಲ್ಲಿ ಪ್ಲಸ್ ಒನ್ ಅಂಕವೂ ಸೇರಿ 1200ಕ್ಕೆ ಲೆಕ್ಕ. ನಮ್ಮಲ್ಲಿ ಪ್ರಥಮ ಪಿಯು ಅಂಕ ಮುಂದೆ ಬರುವುದಿಲ್ಲ, ಪಾಸಾಗಿರಬೇಕು ಅಷ್ಟೇ. ಕರ್ನಾಟಕದ ಸಿಇಟಿ ಸೀಟಿನ ಆಸೆ ಇದ್ದರೆ ವಿಷಯದ ಸಂಖ್ಯೆಗಿಂತ ಮೊದಲು ವರ್ಷಗಳನ್ನು ಎಣಿಸಿ. ಸಾಮಾನ್ಯ ನಿಯಮದಂತೆ ಒಂದರಿಂದ ಹನ್ನೆರಡರೊಳಗೆ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯು ಇಲ್ಲೇ ಪಾಸಾಗಿರಬೇಕು. ಹೊರನಾಡು, ಗಡಿನಾಡು ಕನ್ನಡಿಗರಿಗೆ ಬೇರೆ ಕಲಮು ಇದೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು.

ಹತ್ತನೆಯದನ್ನು ಹೊರರಾಜ್ಯದ ಮಂಡಳಿಯಲ್ಲಿ ಮುಗಿಸಿ ಬರುವವರು ವರ್ಗಾವಣೆ ಪತ್ರ, ಮೈಗ್ರೇಷನ್ ಸರ್ಟಿಫಿಕೇಟ್, ಅಂಕಪಟ್ಟಿ ತಂದು ಪದವಿ ಪೂರ್ವ ಶಿಕ್ಷಣ ಇಲಾಖೆಯ ಅರ್ಹತಾ ಪತ್ರಕ್ಕೆ ಅರ್ಜಿ ಹಾಕಬೇಕು, ಕಾಲೇಜಿನ ಕಚೇರಿಯವರೇ ದಾರಿ ತೋರಿಸುತ್ತಾರೆ. ಅದು ಕೈಸೇರುವವರೆಗೆ ಸುಮ್ಮನೆ ಕೂರಬೇಡಿ, ಪಾಠ ಶುರುವಾದ ದಿನದಿಂದಲೇ ಮಗುವನ್ನು ಕ್ಲಾಸಿಗೆ ಕಳಿಸಲು ಅನುಮತಿ ಕೇಳಿ. ಕಾಂಬಿನೇಶನ್ ಬದಲಿಸುವ ಮನಸ್ಸಾದರೆ ಮೊದಲ ಎರಡು–ಮೂರು ವಾರದೊಳಗೇ ಹೇಳಿ, ಮಳೆ ರಜೆ ಮುಗಿಯಲೆಂದು ಕಾಯುತ್ತ ಕೂತರೆ ದಾಖಲಾತಿಯ ಪಟ್ಟಿ ಅಂತಿಮವಾಗಿಬಿಟ್ಟಿರುತ್ತದೆ.