ಪ್ರೂಫ್ ನೋಡುವ ಅಕ್ಕನ ಹೆಸರು ಮೊದಲು ಬರಲಿ

ಸ್ವಂತ ಉದ್ಯೋಗದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ಕೆಲಸಕ್ಕೆ ಸೇರಿದವು: ಚರ್ಚುಗಳಿಗೆ, ಕ್ರೈಸ್ತ ಮನೆಗಳಿಗೆ ಡಿಸೈನ್ ಮಾಡಿಕೊಡುವ ಸಣ್ಣ ಅಂಗಡಿ. ಮಂಗಳೂರಿನಲ್ಲಿ ಅಂಥದ್ದೇ ಒಂದನ್ನು ನಾನು 14 ವರ್ಷದಿಂದ ನಡೆಸುತ್ತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆದಿದ್ದೇನೆ.

ಪ್ರಶ್ನೆ: ನಾನು, ನನ್ನ ತಂಗಿ, ಅವಳ ಗಂಡ, ನಮ್ಮ ಚರ್ಚ್ ಸಭೆಯ ಇಬ್ಬರು ಹುಡುಗರು ಸೇರಿ ಡಿಸೈನ್ ಅಂಗಡಿ ಶುರು ಮಾಡಿದ್ದೇವೆ. ಪರಿಚಯದ ಕರಪತ್ರ ಅಚ್ಚು ಹಾಕಿಸಬೇಕು. ಅದರಲ್ಲಿ ‘ನಮ್ಮ ತಂಡ’ ಅಂತ ಒಂದು ಪುಟ. ಪ್ರತಿಯೊಬ್ಬರೂ ತಮ್ಮ ಸಾಕ್ಷಿ, ಅಂದರೆ ದೇವರು ತಮ್ಮ ಬಾಳಿನಲ್ಲಿ ಏನು ಮಾಡಿದರು ಅನ್ನುವುದನ್ನು ಬರೆಯಲಿ ಅಂತ ಭಾವನ ಆಸೆ. ತಂಗಿಗೆ ಅದು ಇಷ್ಟವಿಲ್ಲ. ಏನು ಬರೆಯಲಿ ಮೇಡಂ?
– ಸಕಲೇಶಪುರದಿಂದ ಒಬ್ಬರು

ಉತ್ತರ: ನಿಮ್ಮ ತಂಗಿ ಹೇಳಿದ್ದೇ ಸರಿ ಅಂತ ನನಗೆ ಅನಿಸುತ್ತದೆ. ಭಾವನವರ ಮನಸ್ಸೂ ಅರ್ಥವಾಗುತ್ತದೆ. ಸಾಕ್ಷಿ ದೊಡ್ಡ ಮಾತು, ಅದನ್ನು ಹೇಳಲಿಕ್ಕೆ ಸಭೆ ಇದೆ, ಪ್ರಾರ್ಥನೆ ಕೂಟ ಇದೆ, ಮನೆ ಇದೆ. ಕರಪತ್ರ ಕೈಗೆ ತೆಗೆದುಕೊಳ್ಳುವವರು ಯಾರು ನೋಡಿ: ಮಗಳ ಮದುವೆ ಇನ್ನು ಮೂರು ವಾರಕ್ಕೆ ಅಂತ ಓಡಾಡುತ್ತಿರುವ ಅಮ್ಮ, ಚರ್ಚಿನ ಸ್ಮರಣ ಸಂಚಿಕೆಯ ಜವಾಬ್ದಾರಿ ಹೆಗಲಿಗೆ ಬಿದ್ದ ಕಾರ್ಯದರ್ಶಿ, ತಂದೆ ತೀರಿಕೊಂಡು 25 ದಿನವಾದ ಮಗ. ನನ್ನ ಕಾರ್ಡು ಯಾರ ಕೈಯಲ್ಲಿರುತ್ತದೆ, ಯಾರಿಗೆ ಫೋನ್ ಮಾಡಬೇಕು, ಹೆಸರುಗಳನ್ನು ಯಾರು ಓದಿ ನೋಡುತ್ತಾರೆ – ಅವರಿಗೆ ಬೇಕಿರುವುದು ಇಷ್ಟೇ.

ಈ ಕೊನೆಯ ಮಾತನ್ನು ನಾನು ಕಷ್ಟಪಟ್ಟು ಕಲಿತೆ. ಅಂಗಡಿ ಶುರುವಾದ ಎರಡನೇ ವರ್ಷ, ಒಂದು ಮನೆಯವರು ತೀರಿಕೊಂಡವರ ತಿಂಗಳ ಪೂಜೆಯ ಸ್ಮರಣೆ ಕಾರ್ಡಿಗೆ ಮ್ಯಾಟರ್ ತಂದುಕೊಟ್ಟರು, ಹಳೇ ನುಡಿ ಫಾಂಟಿನಲ್ಲಿ. ಅದನ್ನು ಯೂನಿಕೋಡಿಗೆ ತಿರುಗಿಸಿದೆವು. ಹಳೇ ಫಾಂಟಿನಲ್ಲಿ ಅರ್ಕಾವೊತ್ತು ಬೇರೆಯೇ ಒಂದು ಗುರುತಾಗಿ ಅಕ್ಷರದ ಹಿಂದೆ ಕೂತಿರುತ್ತದೆ, ತಿರುಗಿಸುವಾಗ ಕೆಲವು ಸಲ ಸುಮ್ನೆ ಉದುರಿ ಹೋಗುತ್ತದೆ. ‘ಮಾರ್ಟಿಸ್’ ಅಂತ ಇದ್ದದ್ದು ‘ಮಾಟಿಸ್’ ಆಯಿತು. ಯಾರೂ ನೋಡಲಿಲ್ಲ. 300 ಕಾರ್ಡು ಅಚ್ಚಾದವು. ಮಗ ಬಂದು ಕಟ್ಟು ಬಿಚ್ಚಿ ಒಂದು ಕಾರ್ಡು ತೆಗೆದರು, ಅಪ್ಪನ ಫೋಟೋ ನೋಡಿದರು, ಆಮೇಲೆ ಹೆಬ್ಬೆರಳಿನಿಂದ ಹೆಸರಿನ ಮೇಲೆ ಒಂದು ಸಲ ಸವರಿದರು, ಧೂಳೇನಾದರೂ ಕೂತಿದೆಯೋ ಅನ್ನುವ ಹಾಗೆ. ಬೈಯಲಿಲ್ಲ. ‘ಅಪ್ಪನ ಹೆಸರು ಹೀಗಲ್ಲ ಅಲ್ವಾ’ ಅಂದರು ಅಷ್ಟೇ. ರಾತ್ರಿಯೆಲ್ಲ ಕೂತು ಹೊಸ ಕಾರ್ಡು ಮಾಡಿಕೊಟ್ಟೆವು, ದುಡ್ಡು ತಗೊಳ್ಳಲಿಲ್ಲ. ಆದರೆ ಆ ಹೆಬ್ಬೆರಳು ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಮುಂದಿನ ವಾರವೇ ಪ್ರೂಫ್ ನೋಡಲಿಕ್ಕೆ ಒಬ್ಬ ಅಕ್ಕನನ್ನು ಕೆಲಸಕ್ಕೆ ತಗೊಂಡೆ. ಮೊದಲು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು, ಅಕ್ಷರವನ್ನು ತಿರುಗುಮುರುಗಾಗಿಯೂ ಓದಬಲ್ಲರು. ನಮ್ಮ ತಂಡದ ಪುಟದಲ್ಲಿ ಮೊದಲ ಹೆಸರು ಅವರದು, ನನ್ನದು ಕೊನೆಗೆ. ಹೆಸರಿನ ಕೆಳಗೆ ಹೀಗಿದೆ: ‘ನಿಮ್ಮ ಕಾರ್ಡಿನ ಪ್ರತಿ ಹೆಸರನ್ನೂ ಇವರು ಗಟ್ಟಿಯಾಗಿ ಓದಿ, ನಿಮ್ಮ ಸಹಿ ಪಡೆದ ಮೇಲೆಯೇ ಅಚ್ಚಿಗೆ ಹೋಗುತ್ತದೆ.’ ಆ ಒಂದು ಸಾಲು ನೋಡಿಯೇ ಬಂದೆವು ಅಂತ ಎಷ್ಟೋ ಜನ ಹೇಳಿದ್ದಾರೆ.

ನಾವು ಮಂಗಳೂರಿನವರು ಬಾಸೆಲ್ ಮಿಷನ್ ಪ್ರೆಸ್ಸಿನ ಹೆಸರು ಕೇಳುತ್ತಲೇ ಬೆಳೆದವರು. 1841ರಲ್ಲಿ ಶುರುವಾದ ಪ್ರೆಸ್ಸು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಹೊರಬಂದದ್ದು ಅಲ್ಲಿಂದ, ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಅಲ್ಲೇ. ಪತ್ರಿಕೆ ನಡೆಸಿದ ಮೊಗ್ಲಿಂಗ್, ನಿಘಂಟು ಬರೆದ ಕಿಟ್ಟೆಲ್ ಎಲ್ಲರಿಗೂ ಗೊತ್ತು. ಆದರೆ ಅಷ್ಟು ದಪ್ಪದ ನಿಘಂಟಿಗೆ ಒಂದೊಂದೇ ಮೊಳೆ ಎತ್ತಿ ಸಾಲು ಕಟ್ಟಿದವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಿಮ್ಮ ಕರಪತ್ರದಲ್ಲಿ ಹಾಗಾಗಬಾರದು. ಕಾಗದ ಕತ್ತರಿಸುವ ಹುಡುಗನ ಹೆಸರೂ ಬರಲಿ.

ಒಬ್ಬೊಬ್ಬರಿಗೂ ಎರಡು ಸಾಲು ಸಾಕು. ಏನು ಮಾಡುತ್ತಾರೆ, ಯಾವುದರಲ್ಲಿ ಕೈ ಪಳಗಿದೆ. ಇನ್ನೊಂದು ಮಾತು ಮರೆಯದೆ ಬರೆಯಿರಿ: ಯಾರಿಗೆ ಯಾವ ಸಭೆಯ ಮಾತು ಗೊತ್ತು ಅಂತ. ಹೊರಗಿನವರಿಗೆ ಎಲ್ಲ ಚರ್ಚೂ ಒಂದೇ ಥರ ಕಾಣಬಹುದು, ನಮಗೆ ಹಾಗಲ್ಲ. ಕಥೋಲಿಕರ ಕಾರ್ಡಿನಲ್ಲಿ ‘ದಿವ್ಯ ಬಲಿಪೂಜೆ’, ‘ಧರ್ಮಗುರುಗಳು’ ಅಂತ ಬರಬೇಕು. ಸಿಎಸ್‌ಐ ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್ ಸಭೆಯವರ ಕಾರ್ಡಿನಲ್ಲಿ ‘ಆರಾಧನೆ’, ‘ಸಭಾಪಾಲಕರು’. ಕೊಂಕಣಿಯಲ್ಲಿ ಬೇಕು ಅಂದರೆ ಬಲಿಪೂಜೆಗೆ ‘ಮೀಸ್’, ಮದುವೆಯ ಹಿಂದಿನ ದಿನಕ್ಕೆ ‘ರೋಸ್’. ಸಿಎಸ್‌ಐ ಮದುವೆಯ ಕಾರ್ಡಿನಲ್ಲಿ ‘ಬಲಿಪೂಜೆ’ ಅಂತ ಅಚ್ಚಾದರೆ ಕಾರ್ಡು ಎಷ್ಟೇ ಚೆಂದ ಇದ್ದರೂ ಆ ಮನೆಯವರು ಹಂಚುವ ಹಾಗಿಲ್ಲ. ಹಾಗಾಗಿ ‘ಕೊಂಕಣಿ ಕಾರ್ಡುಗಳನ್ನು ಇವರು ನೋಡಿಕೊಳ್ಳುತ್ತಾರೆ’ ಅನ್ನುವ ಒಂದು ಸಾಲಿಗೆ ತುಂಬಾ ಬೆಲೆ ಇದೆ.

ಫೋಟೋ? ಕೆಲಸ ಮಾಡುತ್ತಿರುವಾಗಲೇ ತೆಗೆಯಿರಿ. ಕಿಟಕಿ ಬೆಳಕು ಸಾಕು. ಭಾವನವರಿಗೆ ಹೇಳಿ, ಪುಟದ ಕೆಳಗೆ ಅವರ ಇಷ್ಟದ ಒಂದು ಬೈಬಲ್ ವಚನ ಹಾಕಬಹುದು ಅಂತ. ಅದು ಅಲ್ಲಿಗೆ ಚೆನ್ನಾಗಿ ಹೊಂದುತ್ತದೆ.

ಪ್ರಶ್ನೆ: ‘ಇದು ದೇವರ ಕೆಲಸ, ದುಡ್ಡು ಕೇಳ್ತೀರಾ?’ ಅನ್ನುತ್ತಾರೆ. ಹೋದ ವರ್ಷ ಎರಡು ಸ್ಮರಣ ಸಂಚಿಕೆ ಹೀಗೇ ಹೋದವು. ಇಲ್ಲ ಅನ್ನಲಿಕ್ಕೆ ಬಾಯಿ ಬರುವುದಿಲ್ಲ.
– ಚಿಕ್ಕಮಗಳೂರಿನ ಓದುಗರು

ಉತ್ತರ: ಚರ್ಚಿಗೆ ಬಣ್ಣ ಬಳಿಯುವವರಿಗೆ ಕೂಲಿ ಕೊಡುತ್ತಾರೆ, ಹಬ್ಬದ ಮೈಕಿನವರಿಗೆ ಬಾಡಿಗೆ ಕೊಡುತ್ತಾರೆ. ಡಿಸೈನ್ ಕಣ್ಣಿಗೆ ಕಾಣುವ ಸಾಮಾನಲ್ಲ, ಕಂಪ್ಯೂಟರ್ ತಾನೇ ಮಾಡುತ್ತದೆ ಅಂತ ಜನ ತಿಳಿದಿದ್ದಾರೆ. ತೊಂದರೆ ಇರುವುದು ಅಲ್ಲಿ. ಕೆಟ್ಟ ಮನಸ್ಸಿನಿಂದ ಯಾರೂ ಹಾಗೆ ಕೇಳುವುದಿಲ್ಲ.

ನಾನು ಮಾಡುವುದು ಹೀಗೆ. ಕೆಲಸ ಹಿಡಿಯುವ ಮೊದಲೇ ಕೊಟೇಶನ್ ಬರೆದು ಕೊಡುತ್ತೇನೆ. ಎಷ್ಟು ಪುಟ, ಎಷ್ಟು ಸಲ ತಿದ್ದುಪಡಿ, ಯಾವ ದಿನ ಕೊಡುವುದು, ಎಲ್ಲ ಅದರಲ್ಲಿರುತ್ತದೆ. ಅರ್ಧ ಅಡ್ವಾನ್ಸ್. ತಿದ್ದುಪಡಿ ಮೂರು ಸಲ, ನಾಲ್ಕನೆಯದಕ್ಕೆ ಬೇರೆ ದುಡ್ಡು. ಬಡ ಸಭೆಯೊಂದಕ್ಕೆ ಕಡಿಮೆ ಮಾಡಬೇಕು ಅನಿಸಿದರೆ ಖಂಡಿತ ಮಾಡುತ್ತೇನೆ, ಆದರೆ ಬಿಲ್ಲಿನಲ್ಲಿ ಪೂರ್ತಿ ದರ ಬರೆದು ಕೆಳಗೆ ರಿಯಾಯಿತಿ ಅಂತ ತೋರಿಸುತ್ತೇನೆ. 6,000 ರೂಪಾಯಿ ಕೆಲಸ, 2,000 ರಿಯಾಯಿತಿ, ಕೊಡಬೇಕಾದ್ದು 4,000. ಹೀಗೆ ಬರೆದರೆ ಕೆಲಸದ ಬೆಲೆ ಅವರಿಗೂ ತಿಳಿಯುತ್ತದೆ, ಮುಂದಿನ ವರ್ಷ ಹೊಸ ಕಮಿಟಿ ಬಂದರೂ ಕಾಗದದ ಮೇಲೆ ಇರುತ್ತದೆ. ನಿಮ್ಮ ಕಾಣಿಕೆ ಬೇರೆ, ನಿಮ್ಮ ಬಿಲ್ಲು ಬೇರೆ. ಕಾಣಿಕೆ ನಿಮ್ಮ ಜೇಬಿನಿಂದ ಹೋಗಬಹುದು, ನಿಮ್ಮಲ್ಲಿ ಸಂಬಳಕ್ಕೆ ಕೂತ ಹುಡುಗನ ಜೇಬಿನಿಂದ ಹೋಗಬಾರದು. ಅವನ ಮನೆಯಲ್ಲೂ ಅಕ್ಕಿ ತರಬೇಕಲ್ಲ.

ಸಣ್ಣ ಉದ್ದಿಮೆಗಳಿಗೆ ಇರುವ ‘ಉದ್ಯಮ್’ ನೋಂದಣಿ ಮಾಡಿಸಿಲ್ಲವಾದರೆ ಮಾಡಿಸಿ, ಸರ್ಕಾರದ ಜಾಲತಾಣದಲ್ಲಿ ಅದು ಉಚಿತ. ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಪ್ರಶ್ನೆ: ಅಂಗಡಿ ಬೋರ್ಡಿನಲ್ಲಿ ‘ಕ್ರೈಸ್ತ’ ಅಂತ ಹಾಕಿದರೆ ಬೇರೆಯವರು ಬರುವುದಿಲ್ಲವೇ? ನಮ್ಮಲ್ಲಿ ಕೆಲಸಕ್ಕಿರುವ ಒಬ್ಬರು ಕ್ರೈಸ್ತರಲ್ಲ, ಅವರ ಹೆಸರು ತಂಡದಲ್ಲಿ ಹಾಕಬಹುದಾ?
– ಬೆಂಗಳೂರಿನ ಓದುಗರು

ಉತ್ತರ: ಹಾಕಬಹುದಾ ಅಂತ ಕೇಳಲೇಬೇಡಿ, ಹಾಕಿ. ನಮ್ಮಲ್ಲಿ ಕಟಿಂಗ್, ಬೈಂಡಿಂಗ್ ನೋಡಿಕೊಳ್ಳುವವರು ಹಿಂದೂ. ಕ್ರಿಸ್‌ಮಸ್ ಹತ್ತಿರ ಬಂದಾಗ ರಾತ್ರಿ ಹನ್ನೊಂದರವರೆಗೆ ಇದ್ದು ನಕ್ಷತ್ರದ ಆಕಾರಕ್ಕೆ ಕಾರ್ಡು ಕತ್ತರಿಸುವವರು ಅವರೇ. ಚರ್ಚಿನಲ್ಲಿ ಈಸ್ಟರಿಗೆ ಮುಂಚಿನ ತಪಸ್ಸು ಕಾಲಕ್ಕೆ ನೇರಳೆ, ಪಾಸ್ಕಕ್ಕೆ ಅಂದರೆ ಈಸ್ಟರಿಗೆ ಬಿಳಿ, ಪವಿತ್ರಾತ್ಮರ ಹಬ್ಬಕ್ಕೆ ಕೆಂಪು, ಉಳಿದ ಸಾಧಾರಣ ಕಾಲಕ್ಕೆ ಹಸಿರು ಅಂತ ನಮ್ಮ ಹೊಸ ಹುಡುಗರಿಗೆ ಹೇಳಿಕೊಟ್ಟದ್ದೂ ಅವರೇ. ಕಾಗದ ಕತ್ತರಿಸುತ್ತಾ ಕಲಿತದ್ದು.

ಬೋರ್ಡಿನ ವಿಷಯ: ‘ಕ್ರೈಸ್ತ’ ಅಂತ ಹಾಕುವುದರಲ್ಲಿ ತಪ್ಪೇನಿಲ್ಲ, ಆದರೆ ಆ ಶಬ್ದ ನಿಮಗೆ ಗೊತ್ತಿರುವ ಕೆಲಸವನ್ನು ಹೇಳಬೇಕು, ಬಾಗಿಲು ಹಾಕಬಾರದು. ‘ಚರ್ಚ್ ಸ್ಮರಣ ಸಂಚಿಕೆ, ಮದುವೆ, ಪ್ರಥಮ ಪರಮಪ್ರಸಾದದ ಕಾರ್ಡುಗಳು’ ಅಂತ ಬರೆದರೆ ಬೇಕಾದವರಿಗೆ ತಿಳಿಯುತ್ತದೆ. ನಮ್ಮ ಓಣಿಯ ಬೀಡಾ ಅಂಗಡಿಯವರ ಗೃಹಪ್ರವೇಶದ ಕಾರ್ಡೂ ನಮ್ಮಲ್ಲೇ ಆಯಿತು. ಯಾವ ಕೆಲಸ ಒಪ್ಪಿಕೊಳ್ಳುತ್ತೀರಿ, ಯಾವುದು ಮನಸ್ಸಿಗೆ ಒಗ್ಗುವುದಿಲ್ಲ ಅಂತ ಮೊದಲೇ ತಂಡದವರ ಜೊತೆ ಕೂತು ಮಾತಾಡಿ. ಒಗ್ಗದ್ದನ್ನು ಬೇರೆ ಅಂಗಡಿಗೆ ವಿನಯದಿಂದ ಕಳಿಸಿ, ಗಿರಾಕಿಗೆ ಉಪದೇಶ ಮಾಡಬೇಡಿ.

ಪ್ರಶ್ನೆ: ಗೂಗಲ್‌ನಲ್ಲಿ ಸಿಗುವ ಯೇಸುವಿನ ಚಿತ್ರ ತೆಗೆದು ಫ್ಲೆಕ್ಸ್‌ಗೆ ಹಾಕುತ್ತಿದ್ದೇವೆ. ದೇವರ ಚಿತ್ರಕ್ಕೂ ಹಕ್ಕು ಅಂತ ಇರುತ್ತದಾ?
– ಬಳ್ಳಾರಿಯ ಓದುಗರು

ಉತ್ತರ: ದೇವರಿಗಲ್ಲ, ಬರೆದ ಕೈಗೆ ಹಕ್ಕು ಇರುತ್ತದೆ. ನಮ್ಮ ದೇಶದ ಕಾನೂನಿನಲ್ಲಿ ಕಲಾವಿದರು ತೀರಿಕೊಂಡು 60 ವರ್ಷದವರೆಗೆ ಅವರ ಚಿತ್ರದ ಹಕ್ಕು ಉಳಿದಿರುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ನೋಡಿದ್ದೀರಾ? ಅದರ ಗೋಡೆ, ಮಾಡಿನ ತುಂಬ ಇರುವ ಚಿತ್ರಗಳನ್ನು ಬರೆದವರು ಇಟಲಿಯಿಂದ ಬಂದ ಆಂಟೊನಿಯೊ ಮೊಸ್ಕೇನಿ, ಜೆಸ್ವಿತರ ಸಭೆಯ ಬ್ರದರ್. ಅವರು 1905ರಲ್ಲಿ ತೀರಿಕೊಂಡರು, ಆ ಚಿತ್ರಗಳ ಹಕ್ಕು ಯಾವತ್ತೋ ಮುಗಿಯಿತು. ಹಾಗಂತ ಅದರ ಫೋಟೋ ತೆಗೆದವರ ಹಕ್ಕು ಮುಗಿದಿಲ್ಲ, ಅದು ಬೇರೆ. ಚಾಪೆಲ್‌ನವರನ್ನು ಕೇಳಿ ಒಪ್ಪಿಗೆ ಪಡೆದು, ಫೋಟೋ ತೆಗೆದವರನ್ನೂ ಕೇಳಿ ಹಾಕುವುದು ಸರಿಯಾದ ದಾರಿ.

ಅದಕ್ಕಿಂತ ಒಳ್ಳೆಯದು, ನಿಮ್ಮ ಊರಿನಲ್ಲಿ ಚಿತ್ರ ಬರೆಯುವ ಹುಡುಗಿಯೋ ಹುಡುಗನೋ ಇದ್ದರೆ ಅವರಿಂದ ಬರೆಸಿ. ಗೋವಾದ ಆಂಜೆಲೊ ದಾ ಫೋನ್ಸೆಕ ಮರಿಯಮ್ಮನವರನ್ನು ಸೀರೆಯಲ್ಲಿ ಬರೆದರು. ಬಳ್ಳಾರಿಯ ಯೇಸು ಬಳ್ಳಾರಿಯ ಬಿಸಿಲಿನಲ್ಲಿ ಯಾಕೆ ನಿಲ್ಲಬಾರದು? ಬೈಬಲ್ ವಚನಕ್ಕೂ ಇದೇ ಮಾತು: ಯಾವ ಅನುವಾದದಿಂದ ತೆಗೆದಿರಿ ನೋಡಿ, ಅದರ ಮೊದಲ ಪುಟದಲ್ಲಿ ಹಕ್ಕಿನ ಸಾಲು ಇರುತ್ತದೆ, ಓದಿ. ಕನ್ನಡದ ಪೂರ್ತಿ ಬೈಬಲ್ ಮೊದಲು ಅಚ್ಚಾದದ್ದು 1831ರಲ್ಲಿ, ನಿಮ್ಮ ಬಳ್ಳಾರಿಯಲ್ಲೇ ಇದ್ದ ಮಿಷನರಿ ಜಾನ್ ಹ್ಯಾಂಡ್ಸ್ ಅವರ ವರ್ಷಗಟ್ಟಲೆ ದುಡಿಮೆಯಿಂದ. ನಿಮ್ಮ ತಂಡದ ಪುಟದಲ್ಲಿ ಇದನ್ನು ಹೆಮ್ಮೆಯಿಂದ ಬರೆಯಬಹುದು!

ಒಂದು ಸಣ್ಣ ಮಾತು, ನೇರಳೆ ಬಣ್ಣ ಫ್ಲೆಕ್ಸ್‌ನಲ್ಲಿ ನೀಲಿಯಾಗಿ ಬರುತ್ತದೆ ಅಂತಲೂ ಬರೆದಿದ್ದೀರಿ. ಅಚ್ಚಿನ ಶಾಯಿಗಳಾದ ಸಯಾನ್ (ನೀಲಿ), ಮಜೆಂಟಾ (ಗುಲಾಬಿ ಕೆಂಪು) ಎರಡರ ಶೇಕಡಾ ಪ್ರಮಾಣ ಹತ್ತಿರ ಹತ್ತಿರ ಇದ್ದರೆ ಹಾಗಾಗುತ್ತದೆ. ಮಜೆಂಟಾ 100 ಇದ್ದರೆ ಸಯಾನನ್ನು 70ಕ್ಕಿಂತ ಕೆಳಗೆ ಇಡಿ.

ಪ್ರಶ್ನೆ: ಅಪ್ಪ ಅಮ್ಮನ ಮದುವೆಗೆ 50 ವರ್ಷ. ಕಾರ್ಡನ್ನು ನಾನೇ ಇಲ್ಲಿ ಮಾಡಿ ಉಡುಪಿಗೆ ಕಳಿಸಿದೆ, ಅಲ್ಲಿ ತೆರೆದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ.
– ದುಬೈನಿಂದ ಒಬ್ಬರು

ಉತ್ತರ: ನೀವು ಬಳಸಿದ ಫಾಂಟ್ ಅವರ ಕಂಪ್ಯೂಟರಿನಲ್ಲಿಲ್ಲ, ಇಲ್ಲವೇ ಅವರ ಹಳೇ ಸಾಫ್ಟ್‌ವೇರಿಗೆ ಕನ್ನಡದ ಒತ್ತು ಕೂಡಿಸಲಿಕ್ಕೆ ಬರುವುದಿಲ್ಲ. ಅಕ್ಷರವನ್ನೆಲ್ಲ ಕರ್ವ್ಸ್‌ಗೆ (ಫಾಂಟ್ ಬೇಡದ ಗೆರೆಚಿತ್ರಕ್ಕೆ) ತಿರುಗಿಸಿ ಪಿಡಿಎಫ್ ಮಾಡಿ ಕಳಿಸಿ, ಮೂಲ ಫೈಲ್ ನಿಮ್ಮ ಹತ್ತಿರ ಬೇರೆ ಇಟ್ಟುಕೊಳ್ಳಿ, ಯಾಕೆಂದರೆ ತಿರುಗಿಸಿದ ಮೇಲೆ ಒಂದಕ್ಷರವೂ ತಿದ್ದಲಿಕ್ಕಾಗುವುದಿಲ್ಲ. ಕಾರ್ಡಿನ ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸುವಾಗ ಹೋಗುವ ಹೆಚ್ಚಿನ ಅಂಚು ಬಿಡಿ. ಫೋಟೋ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಅನ್ನುವ ಲೆಕ್ಕ) ಇರಲಿ. 50 ವರ್ಷ ಹಿಂದಿನ ಮದುವೆ ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಬೇಡಿ, ಅದು ಸಣ್ಣದಾಗಿ ಬರುತ್ತದೆ, ಊರಿನಲ್ಲಿ ಯಾರಾದರೂ ಸ್ಕ್ಯಾನ್ ಮಾಡಿಸಿ ಮೇಲ್‌ನಲ್ಲಿ ಕಳಿಸಲಿ.

ಪ್ರೆಸ್ಸಿನವರಿಗೆ ಹೇಳಿ ಒಂದು ಪ್ರತಿ ಮಾತ್ರ ಮೊದಲು ತೆಗೆಸಿ. ಅದನ್ನು ಯಾರಾದರೂ ಮನೆಗೆ ತಲುಪಿಸಲಿ, ನೀವು ಫೋನ್ ಹಚ್ಚಿ, ಹೆಸರುಗಳನ್ನೆಲ್ಲ ಅಮ್ಮನ ಬಾಯಲ್ಲೇ ಗಟ್ಟಿಯಾಗಿ ಓದಿಸಿ. ಅವರು ‘ಸರಿ ಇದೆ’ ಅಂದ ಮೇಲೆ ಉಳಿದದ್ದು ಅಚ್ಚಾಗಲಿ.