ನಡುಗಡಲಿನಲ್ಲಿ ಬಲೆ ಹರಿದರೆ ಯಾರನ್ನು ಕೇಳಬೇಕು?

ಕಾರವಾರದ ಸಮುದ್ರದಲ್ಲಿ ಪರ್ಸೀನ್ ಬೋಟಿನವರಿಗೂ, ಅಂದರೆ ಮೀನಿನ ಹಿಂಡನ್ನು ದೊಡ್ಡ ಬಲೆಯಿಂದ ಸುತ್ತಿ ಹಿಡಿಯುವ ಯಂತ್ರದ ಬೋಟಿನವರಿಗೂ, ನಾಡದೋಣಿಯವರಿಗೂ ತಕರಾರು ಎದ್ದರೆ ತೀರ್ಮಾನಿಸುವ ಅಧಿಕಾರ ರಾಜ್ಯದ್ದೋ ಕೇಂದ್ರದ್ದೋ ಎಂದು ಕೇಳಿದ್ದೀರಿ. ಅದು ದಡದಿಂದ ಎಷ್ಟು ದೂರದಲ್ಲಿ ನಡೆಯಿತು ಎಂಬುದರ ಮೇಲಿದೆ. 12 ನಾಟಿಕಲ್ ಮೈಲಿನೊಳಗೆ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ, ಮೀನುಗಾರಿಕೆ ರಾಜ್ಯದ ವಿಷಯ. ಅದರಾಚೆ ಕೇಂದ್ರದ್ದು. ನಾಡದೋಣಿಯವರ ದುಡಿಮೆ ಬಹುಪಾಲು ಒಳಗಿನ ನೀರಿನಲ್ಲೇ ಆದ್ದರಿಂದ ನಮ್ಮ ಮಟ್ಟಿಗೆ ರಾಜ್ಯವೇ ಹೊಣೆ.

1970ರ ದಶಕದಲ್ಲಿ ಪರ್ಸೀನ್ ಬಲೆ ಕರಾವಳಿಯಲ್ಲಿ ಕಾಣಿಸಿಕೊಂಡಿತು. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆಗೆ ಸಿಗಬೇಕಾದ ಬಂಗಡೆ, ತಾರ್ಲೆ ಮೀನಿನ ಹಿಂಡನ್ನು ಅದು ಹೊರಗೇ ಸುತ್ತಿ ಹಿಡಿಯತೊಡಗಿತು. ನನ್ನ ಅಜ್ಜನ ರಂಪಣಿ ತಂಡ ಹಾಗೆಯೇ ಚದುರಿಹೋಯಿತು. ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ. ಯಾವ ಪ್ರದೇಶದಲ್ಲಿ, ಯಾವ ಬಲೆಯಿಂದ, ಯಾವಾಗ ಮೀನು ಹಿಡಿಯಬಹುದು ಎಂದು ನಿರ್ಬಂಧಿಸುವಾಗ ಸರ್ಕಾರ ಸಾಂಪ್ರದಾಯಿಕ ದೋಣಿಯವರ ಹಿತ, ಮತ್ಸ್ಯ ಸಂಪತ್ತಿನ ರಕ್ಷಣೆ, ಸಮುದ್ರದಲ್ಲಿ ಶಾಂತಿ ಸುವ್ಯವಸ್ಥೆ ಇವನ್ನು ಗಮನಿಸಬೇಕೆಂದು ಅದು ಹೇಳುತ್ತದೆ. ಆದ್ದರಿಂದ ದೂರು ಕೊಡುವಾಗ ಅಂಗಲಾಚಬೇಡಿ, ಕಾಯ್ದೆಯ ಹೆಸರು ಹೇಳಿಯೇ ಕೇಳಿ.

ಈ ಕಾಯ್ದೆಯಡಿ ನೇಮಕವಾದ ಅಧಿಕಾರಿ ನಿಯಮ ಮುರಿದ ಬೋಟನ್ನು ತಡೆದು ಜಪ್ತಿ ಮಾಡಬಹುದು. ವಿಚಾರಣೆಯಾಗಿ ದಂಡ ಬೀಳುತ್ತದೆ, ಅದರ ಮೇಲೆ ಮೇಲ್ಮನವಿಯೂ ಉಂಟು. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರವೂ 2017ರ ನವೆಂಬರ್‌ನಲ್ಲಿ ತನ್ನ ವ್ಯಾಪ್ತಿಯಲ್ಲಿ ನಿಷೇಧಿಸಿದೆ. ಹಾಗಾಗಿ ‘ನಾವು ಗಡಿಯಾಚೆ ಹಿಡಿದದ್ದು’ ಎಂಬ ನೆಪ ನಿಲ್ಲುವುದಿಲ್ಲ.

ಆದರೆ ಪುರಾವೆ ಬೇಕು. ಕೆಲವು ವರ್ಷಗಳ ಹಿಂದೆ ಒಂದು ಬೆಳಗಿನ ಜಾವ ನಾವು ಎಳೆದ ಬಲೆ ಹಗುರವಾಗಿ ಬಂತು. ತುದಿಯ ಹಗ್ಗ ಕತ್ತರಿಸಿದಂತೆ ತುಂಡಾಗಿತ್ತು, ನಾಲ್ಕೈದು ಬೆಂಡು ಮಾತ್ರ ನೀರಿನ ಮೇಲೆ ತೇಲುತ್ತಿದ್ದವು. ರಾತ್ರಿ ದೊಡ್ಡ ಬೋಟೊಂದು ಹಾದದ್ದನ್ನು ಅಪ್ಪ ಕಂಡಿದ್ದರು. ದೂರು ಕೊಡಲು ಹೋದಾಗ ಅಲ್ಲಿನವರು ಕೇಳಿದ ಮೊದಲ ಪ್ರಶ್ನೆ, ‘ಆ ಬೋಟಿನ ನೋಂದಣಿ ಸಂಖ್ಯೆ ಎಷ್ಟು?’ ಅಪ್ಪ ತಲೆ ತಗ್ಗಿಸಿ ನಿಂತರು. ಆ ನೋಟ ನನಗೆ ಇಂದಿಗೂ ಮರೆತಿಲ್ಲ.

ಬೋಟಿನ ಸಂಖ್ಯೆ, ಜಿಪಿಎಸ್ ತೋರಿಸುವ ಸ್ಥಳ, ಸಮಯ, ಸಾಧ್ಯವಾದರೆ ಮೊಬೈಲ್‌ನಲ್ಲಿ ಒಂದು ಚಿತ್ರ, ಇಷ್ಟನ್ನು ಹಿಡಿದು ಮೀನುಗಾರಿಕೆ ಇಲಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಲೆ ಹಾಳಾಗಿದ್ದರೆ ಪೊಲೀಸ್ ದೂರನ್ನೂ ಕೊಡಿ. ನಮ್ಮ ದೋಣಿಯಲ್ಲಿ ಈಗ ಬಲೆಯ ದಾರಕ್ಕೆ ಕಟ್ಟಿದ ಪೆನ್ಸಿಲ್ ಒಂದು ಸದಾ ನೇತಾಡುತ್ತಿರುತ್ತದೆ.